ಪಾರ್ಟಿಷನ್ ಕೆಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಫೈಲ್‌ಗಳನ್ನು ಮರಳಿ ಪಡೆಯುವ ಬಗೆ

ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಮಾಡಲು ಕುಳಿತ ಕೆಲಸ ಬಹಳ ಚಿಕ್ಕದು. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಲು 16 ಜಿಬಿಯ ಪೆನ್ ಡ್ರೈವ್ ಸಿದ್ಧಪಡಿಸಬೇಕಿತ್ತು. ಪಕ್ಕದ ಪೋರ್ಟ್‌ನಲ್ಲಿ 2 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು. ಸಂಜೆ ಫೋಟೊಗಳನ್ನು ನಕಲಿಸಿದವನು ಅದನ್ನು ಬಿಚ್ಚದೆ ಹಾಗೆಯೇ ಬಿಟ್ಟಿದ್ದೆ. ಆಜ್ಞೆಯಲ್ಲಿ ಪೆನ್ ಡ್ರೈವ್‌ನ ಹೆಸರಾದ ‘ಎಸ್‌ಡಿಸಿ’ ಎಂದು ಬರೆಯಬೇಕಾದ ಕಡೆ ಹಾರ್ಡ್ ಡಿಸ್ಕ್‌ನ ಹೆಸರಾದ ‘ಎಸ್‌ಡಿಬಿ’ ಎಂದು ಬರೆದೆ. ಪೆನ್ ಡ್ರೈವ್ ಆಗಿದ್ದರೆ ಹಲವು ನಿಮಿಷ ಹಿಡಿಯಬೇಕಿದ್ದ ಕೆಲಸ ಇಪ್ಪತ್ತೈದು ಸೆಕೆಂಡಿನಲ್ಲಿ ಮುಗಿಯಿತು. ಆ ವೇಗವನ್ನು ಕಂಡಾಗಲೇ ನನಗೆ ತಿಳಿದುಹೋಯಿತು. ಲಿನಕ್ಸ್ ಅನುಸ್ಥಾಪನೆಯ 2.4 ಜಿಬಿಯ ಐಎಸ್‌ಒ ಫೈಲ್ ನನ್ನ ಹಾರ್ಡ್ ಡಿಸ್ಕ್‌ನ ಆರಂಭದ ಭಾಗದ ಮೇಲೆ ಹೋಗಿ ಕುಳಿತಿತ್ತು.

ಆ ಡಿಸ್ಕ್‌ನಲ್ಲಿ ಹದಿನಾಲ್ಕು ವರ್ಷಗಳ ಸುಮಾರು 11,000 ಫೋಟೊಗಳಿದ್ದವು, ವಿಡಿಯೊಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ತೀರಿಹೋದ ನನ್ನ ಅಪ್ಪನ ಧ್ವನಿಯ 140 ಫೈಲ್‌ಗಳಿದ್ದವು. ಅಪ್ಪ ಹಾಡಿದ್ದು, ಮಕ್ಕಳಿಗೆ ಕಥೆ ಹೇಳಿದ್ದು, ಪತ್ರಗಳನ್ನು ಗಟ್ಟಿಯಾಗಿ ಓದಿದ್ದು ಎಲ್ಲವನ್ನೂ ಹಳೆಯ ಕ್ಯಾಸೆಟ್‌ಗಳಿಂದ ನಾನೇ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದೆ. ಈಗ ಡಿಸ್ಕ್ ತೆರೆದರೆ ಲಿನಕ್ಸ್ ಅನುಸ್ಥಾಪನೆಯ ಫೈಲ್‌ಗಳು ಕಾಣುತ್ತಿದ್ದವು. ಉಳಿದ ಜಾಗವೆಲ್ಲ ‘ಖಾಲಿ’ ಎಂದು ತೋರಿಸುತ್ತಿತ್ತು.

ನಾಲ್ಕು ದಿನಗಳ ನಂತರ ಅವುಗಳಲ್ಲಿ ಬಹುಪಾಲು ನನ್ನ ಕೈ ಸೇರಿದವು. ಆ ನಾಲ್ಕು ದಿನಗಳಲ್ಲಿ ಏನು ಮಾಡಿದೆ, ಏನು ಮಾಡದೆ ಉಳಿದೆ, ಏಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಈಗ ಇಂಥದೇ ಸ್ಥಿತಿಯಲ್ಲಿ ಕುಳಿತು ಓದುತ್ತಿದ್ದರೆ ಮೊದಲು ಒಂದು ಕೆಲಸ ಮಾಡಿ. ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ಮೇಜಿನ ಮೇಲಿಡಿ. ಆಮೇಲೆ ಮುಂದಕ್ಕೆ ಓದಿ.

ಡಿಸ್ಕ್ ಒಳಗೆ ಏನಾಗಿದೆ

ಹಾರ್ಡ್ ಡಿಸ್ಕ್ ಎಂದರೆ ಕ್ರಮಸಂಖ್ಯೆ ಹೊತ್ತ ಸೆಕ್ಟರ್‌ಗಳ ಒಂದು ಉದ್ದನೆಯ ಸಾಲು. 2 ಟಿಬಿ ಡಿಸ್ಕ್‌ನಲ್ಲಿ ತಲಾ 512 ಬೈಟ್‌ಗಳ 390 ಕೋಟಿಗೂ ಹೆಚ್ಚು ಸೆಕ್ಟರ್‌ಗಳಿರುತ್ತವೆ. ಈ ಸಾಲನ್ನು ವಿಂಗಡಿಸಿದ ಭಾಗಗಳೇ ಪಾರ್ಟಿಷನ್‌ಗಳು. ಹಳೆಯ ಪದ್ಧತಿಯ ಡಿಸ್ಕ್‌ಗಳಲ್ಲಿ ಸೊನ್ನೆಯ ಸೆಕ್ಟರ್‌ನಲ್ಲಿ ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಎಂಬ ದಾಖಲೆ ಇರುತ್ತದೆ. ಅದರ 512 ಬೈಟ್‌ಗಳಲ್ಲಿ ಪಾರ್ಟಿಷನ್ ಪಟ್ಟಿಗೆ ಮೀಸಲಾಗಿರುವುದು 64 ಬೈಟ್ ಮಾತ್ರ. 16 ಬೈಟ್‌ಗಳ ನಾಲ್ಕು ನಮೂದುಗಳು. ಯಾವ ಪಾರ್ಟಿಷನ್ ಎಲ್ಲಿಂದ ಶುರುವಾಗುತ್ತದೆ, ಎಷ್ಟು ಉದ್ದವಿದೆ, ಯಾವ ಬಗೆಯದು ಎಂಬುದಿಷ್ಟೇ ಅಲ್ಲಿ ಬರೆದಿರುತ್ತದೆ. ಆ 64 ಬೈಟ್ ಹಾಳಾದರೆ ಎರಡು ಟಿಬಿಯ ಡಿಸ್ಕ್ ಖಾಲಿಯಾದಂತೆ ಕಾಣುತ್ತದೆ. ಪರಿವಿಡಿಯ ಹಾಳೆ ಹರಿದುಹೋದ ದಪ್ಪ ಪುಸ್ತಕದ ಹಾಗೆ. ಒಳಪುಟಗಳು ಅಲ್ಲಿಯೇ ಇರುತ್ತವೆ.

ಪಾರ್ಟಿಷನ್‌ನ ಒಳಗೆ ಇನ್ನೊಂದು ಹಂತವಿದೆ. ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಅಂದರೆ ಫೈಲ್ ಸಿಸ್ಟಮ್. ನನ್ನದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್. ಅದರ ಮೊದಲ ಸೆಕ್ಟರ್ ಬೂಟ್ ಸೆಕ್ಟರ್. ಅದರದೇ ಒಂದು ಪ್ರತಿ ಪಾರ್ಟಿಷನ್‌ನ ಕಟ್ಟಕಡೆಯ ಸೆಕ್ಟರ್‌ನಲ್ಲಿಯೂ ಇರುತ್ತದೆ. ಎಂಎಫ್‌ಟಿ ಎಲ್ಲಿದೆ ಎಂದು ಹೇಳುವುದು ಬೂಟ್ ಸೆಕ್ಟರ್‌ನ ಕೆಲಸ. ಎಂಎಫ್‌ಟಿ ಎಂದರೆ ಫೈಲ್‌ಗಳ ಮೂಲ ದಾಖಲೆ ಪುಸ್ತಕ. ಸಾಮಾನ್ಯವಾಗಿ ಪ್ರತಿ ಫೈಲ್‌ಗೂ ಅಲ್ಲಿ 1,024 ಬೈಟ್‌ಗಳ ಒಂದು ದಾಖಲೆ ಇರುತ್ತದೆ. ಹೆಸರು, ಗಾತ್ರ, ದಿನಾಂಕ, ಫೈಲ್ ಯಾವ ಯಾವ ಜಾಗದಲ್ಲಿ ಹರಡಿದೆ ಎಂಬುದೆಲ್ಲ ಅದರಲ್ಲಿರುತ್ತದೆ.

ನನ್ನನ್ನು ಉಳಿಸಿದ್ದು ಇಲ್ಲಿನ ಒಂದು ಲೆಕ್ಕ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಎನ್‌ಟಿಎಫ್‌ಎಸ್ ಪಾರ್ಟಿಷನ್‌ಗಳಲ್ಲಿ ಎಂಎಫ್‌ಟಿ ಸಾಮಾನ್ಯವಾಗಿ 786,432ನೆಯ ಕ್ಲಸ್ಟರ್‌ನಿಂದ (ಕ್ಲಸ್ಟರ್ ಎಂದರೆ ಒಟ್ಟಿಗೆ ಹಂಚುವ ಸೆಕ್ಟರ್‌ಗಳ ಗುಂಪು) ಆರಂಭವಾಗುತ್ತದೆ. ಒಂದು ಕ್ಲಸ್ಟರ್‌ಗೆ 4,096 ಬೈಟ್ ಎಂದರೆ ಪಾರ್ಟಿಷನ್ ಶುರುವಾದಲ್ಲಿಂದ ಸರಿಯಾಗಿ ಮೂರು ಜಿಬಿ ದೂರ. ನಾನು ತಪ್ಪಾಗಿ ಬರೆದ ಫೈಲ್ 2.4 ಜಿಬಿಯದು. ಅದು ಎಂಬಿಆರ್ ಅನ್ನು ನುಂಗಿತ್ತು, ಮೊದಲ ಬೂಟ್ ಸೆಕ್ಟರನ್ನು ನುಂಗಿತ್ತು, ಎರಡನೆಯ ಕ್ಲಸ್ಟರ್‌ನ ಬಳಿ ಇರುವ ಎಂಎಫ್‌ಟಿಯ ಕಿರುಪ್ರತಿಯನ್ನೂ ನುಂಗಿತ್ತು. ಆದರೆ ಮೂಲ ಎಂಎಫ್‌ಟಿಯನ್ನು ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದ ಮೇಲೆಯೇ ನನಗೆ ನಿದ್ದೆ ಬಂದದ್ದು.

ನಿಮ್ಮ ಅಪಘಾತ ನನ್ನದಕ್ಕಿಂತ ಹಗುರವಾಗಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ತಪ್ಪು ಪಾರ್ಟಿಷನ್ ಆರಿಸಿ ಡಿಲೀಟ್ ಒತ್ತಿದರೆ ಹೋಗುವುದು ಪಟ್ಟಿಯ ಒಂದು ನಮೂದು; ಫೈಲ್ ಸಿಸ್ಟಮ್‌ಗೆ ಬಹುಮಟ್ಟಿಗೆ ಏನೂ ಆಗಿರುವುದಿಲ್ಲ. ಬರೆಯುತ್ತಿರುವಾಗಲೇ ಕೇಬಲ್ ಎಳೆದು ಡಿಸ್ಕ್ ‘ರಾ’ (ಫೈಲ್ ಸಿಸ್ಟಮ್ ಗುರುತಿಸಲಾಗದ್ದು) ಎಂದು ತೋರಿಸಿದರೆ ಪಾರ್ಟಿಷನ್ ಪಟ್ಟಿ ಸರಿಯಾಗಿಯೇ ಇದ್ದು ಬೂಟ್ ಸೆಕ್ಟರ್ ಅಥವಾ ಎಂಎಫ್‌ಟಿ ಕೆಟ್ಟಿರಬಹುದು. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಹೊಸದಾದ ಖಾಲಿ ಎಂಎಫ್‌ಟಿ ಹಳೆಯದರ ಆರಂಭದ ಭಾಗವನ್ನು ಮುಚ್ಚಿರುತ್ತದೆ. ಉಳಿದ ದಾಖಲೆಗಳು ಹಾಗೆಯೇ ಇರುತ್ತವೆ. ಆದರೆ ಕ್ವಿಕ್ ಆಯ್ಕೆಯಿಲ್ಲದೆ ಪೂರ್ಣ ಫಾರ್ಮ್ಯಾಟ್ ಕೊನೆಯವರೆಗೆ ನಡೆದಿದ್ದರೆ ಆಸೆ ಬಿಡಬೇಕು. ವಿಂಡೋಸ್ ವಿಸ್ಟಾದ ಕಾಲದಿಂದ ಪೂರ್ಣ ಫಾರ್ಮ್ಯಾಟ್ ಪಾರ್ಟಿಷನ್‌ನ ಉದ್ದಕ್ಕೂ ಸೊನ್ನೆಗಳನ್ನು ಬರೆಯುತ್ತದೆ. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಸಾಧನದ ‘ಕ್ಲೀನ್ ಆಲ್’ ಆಜ್ಞೆಯೂ ಅಷ್ಟೇ. ಬರಿಯ ‘ಕ್ಲೀನ್’ ಆಗಿದ್ದರೆ ಪಾರ್ಟಿಷನ್ ಮಾಹಿತಿ ಮಾತ್ರ ಹೋಗಿರುತ್ತದೆ, ಒಳಗಿನದು ಉಳಿದಿರುತ್ತದೆ.

ಮೊದಲ ಗಂಟೆಯಲ್ಲಿ ಮಾಡಬಾರದ್ದು

ಡಿಸ್ಕ್ ಜೋಡಿಸಿದ ತಕ್ಷಣ ವಿಂಡೋಸ್ ‘ಬಳಸುವ ಮೊದಲು ಇದನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ತೋರಿಸುತ್ತದೆ. ರದ್ದುಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ‘ಡಿಸ್ಕನ್ನು ಇನಿಶಿಯಲೈಸ್ ಮಾಡಿ’ ಎನ್ನುತ್ತದೆ. ಅದನ್ನೂ ರದ್ದುಮಾಡಿ.

ಚೆಕ್‌ಡಿಸ್ಕ್ ಓಡಿಸಬೇಡಿ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಚೆಕ್‌ಡಿಸ್ಕ್‌ನ ಗುರಿ ಫೈಲ್ ಸಿಸ್ಟಮನ್ನು ಒಳವಿರೋಧವಿಲ್ಲದ ಸ್ಥಿತಿಗೆ ತರುವುದು. ಆ ದಾರಿಯಲ್ಲಿ ತನಗೆ ಅರ್ಥವಾಗದ ದಾಖಲೆಗಳನ್ನು ಅದು ಅಳಿಸುತ್ತದೆ, ಫೈಲ್‌ಗಳನ್ನು ತುಂಡುಗಳನ್ನಾಗಿ ಬೇರೆ ಫೋಲ್ಡರಿಗೆ ಸುರಿಯುತ್ತದೆ. ಆರೋಗ್ಯವಾಗಿರುವ ಡಿಸ್ಕ್‌ಗೆ ಅದು ಒಳ್ಳೆಯ ಸಾಧನ. ಪಾರ್ಟಿಷನ್ ಕೆಟ್ಟ ಡಿಸ್ಕ್‌ಗೆ ಅದು ಗಾಯದ ಮೇಲೆ ಎಳೆದ ಬರೆ. ನನ್ನ ಸ್ನೇಹಿತರೊಬ್ಬರು ನನಗೆ ಫೋನ್ ಮಾಡುವ ಮೊದಲೇ ಅದನ್ನು ಓಡಿಸಿದ್ದರು. ಅರ್ಧ ಗಂಟೆಯ ಮುಂಚೆ ಕೇಳಿದ್ದರೆ ಅವರ ಮಗಳ ಮೊದಲ ಎರಡು ವರ್ಷದ ಫೋಟೊಗಳನ್ನು ಹೆಸರು, ದಿನಾಂಕಗಳ ಸಮೇತ ತೆಗೆದುಕೊಡಬಹುದಿತ್ತು ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಮರಳಿ ಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕ್‌ಗೆ ಇಳಿಸಬೇಡಿ. ಸಿಕ್ಕ ಫೈಲ್‌ಗಳನ್ನು ಅದೇ ಡಿಸ್ಕ್‌ಗೆ ಉಳಿಸಬೇಡಿ. ಹೊಸ ಪಾರ್ಟಿಷನ್ ಮಾಡಿ ‘ನೋಡೋಣ’ ಎನ್ನಬೇಡಿ.

ಡಿಸ್ಕ್ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ, ತಿರುಗಲು ತಿಣುಕುತ್ತಿದ್ದರೆ, ಕೆಳಗೆ ಬಿದ್ದ ನಂತರ ಕೆಟ್ಟಿದ್ದರೆ ಈ ಲೇಖನ ನಿಮಗಲ್ಲ. ಅದು ಯಂತ್ರದ ತೊಂದರೆ. ವಿದ್ಯುತ್ ಕೊಟ್ಟಷ್ಟೂ ಒಳಗಿನ ತಟ್ಟೆಗಳಿಗೆ ಗೀರು ಬೀಳುವ ಅಪಾಯವಿದೆ. ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಒಯ್ಯುವುದೊಂದೇ ದಾರಿ.

ಎಕ್ಸ್‌ಟರ್ನಲ್ ಡಿಸ್ಕ್‌ನ ಡಬ್ಬಿ ಬಿಚ್ಚಿ ಒಳಗಿನ ಡ್ರೈವನ್ನು ನೇರವಾಗಿ ಜೋಡಿಸುವ ಆಸೆ ಹಲವರಿಗೆ ಬರುತ್ತದೆ. ಬೇಡ. ಡಬ್ಬಿಯೊಳಗಿನ ಯುಎಸ್‌ಬಿ ಸರ್ಕ್ಯೂಟ್ ಬೋರ್ಡ್ ಕೆಲವು ಮಾದರಿಗಳಲ್ಲಿ 512 ಬೈಟ್‌ಗಳ ಸೆಕ್ಟರ್‌ಗಳನ್ನು 4,096 ಬೈಟ್‌ಗಳದ್ದೆಂದು ಕಂಪ್ಯೂಟರಿಗೆ ತೋರಿಸುತ್ತದೆ. ಪಾರ್ಟಿಷನ್ ಪಟ್ಟಿಯೂ ಆ ಲೆಕ್ಕದಲ್ಲಿಯೇ ಬರೆದಿರುತ್ತದೆ. ಡಬ್ಬಿ ಬಿಚ್ಚಿದರೆ ಎಲ್ಲ ಸಂಖ್ಯೆಗಳೂ ಎಂಟು ಪಟ್ಟು ತಪ್ಪುತ್ತವೆ. ಇನ್ನು ಕೆಲವು ಮಾದರಿಗಳಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಆ ಬೋರ್ಡೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಡಬ್ಬಿಯೊಂದಿಗೇ ಕೆಲಸ ಮಾಡಿ, ಕೇಬಲ್ ಮಾತ್ರ ಬೇಕಾದರೆ ಬದಲಿಸಿ.

ಮೊದಲು ಇಮೇಜ್, ಆಮೇಲೆ ಚಿಕಿತ್ಸೆ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಕೆಟ್ಟ ಡಿಸ್ಕ್‌ನ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಎಲ್ಲವನ್ನೂ, ‘ಖಾಲಿ’ ಎಂದು ಕಾಣುವ ಜಾಗವನ್ನೂ ಸೇರಿಸಿ, ಒಂದು ದೊಡ್ಡ ಇಮೇಜ್ ಫೈಲ್ ಆಗಿ ನಕಲಿಸಬೇಕು. ನಂತರದ ಪ್ರಯೋಗಗಳೆಲ್ಲ ಆ ಇಮೇಜ್ ಮೇಲೆ. ಮೂಲ ಡಿಸ್ಕ್ ಕಪಾಟಿನೊಳಗೆ. ಇಮೇಜ್ ಹಾಳಾದರೆ ಇನ್ನೊಮ್ಮೆ ಮಾಡಿಕೊಳ್ಳಬಹುದು. ಮೂಲ ಡಿಸ್ಕ್‌ನ ಮೇಲೆ ಬರೆದರೆ ಆ ಜಾಗದಲ್ಲಿ ಮುಂಚೆ ಏನಿತ್ತೋ ಅದು ಮತ್ತೆ ಬರುವುದಿಲ್ಲ.

2 ಟಿಬಿ ಡಿಸ್ಕ್‌ಗೆ 2 ಟಿಬಿಯಷ್ಟೇ ದೊಡ್ಡ ಇಮೇಜ್ ಬೇಕು. ಒಳಗೆ ಎಷ್ಟು ತುಂಬಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮರಳಿ ಸಿಗುವ ಫೈಲ್‌ಗಳಿಗೂ ಜಾಗ ಬೇಕು. ಹಾಗಾಗಿ ನಾನು 4 ಟಿಬಿಯ ಹೊಸ ಡಿಸ್ಕ್ ತಂದೆ. ಅದು ಫ್ಯಾಟ್32 ಆಗಿರಬಾರದು, ಏಕೆಂದರೆ ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ನಾನು ಅದನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಂಡೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆದರೂ ನಡೆಯುತ್ತದೆ.

ಇಮೇಜ್ ಮಾಡಲು ನಾನು ನಂಬುವುದು ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು. ಅದು ಲಿನಕ್ಸ್‌ನಲ್ಲಿ ಓಡುತ್ತದೆ. ವಿಂಡೋಸ್ ಬಳಸುವವರು ಪೆನ್ ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿಕೊಂಡರೆ ಸಾಕು, ಕಂಪ್ಯೂಟರಿನಲ್ಲಿ ಅನುಸ್ಥಾಪಿಸಬೇಕಿಲ್ಲ. (ಆ ಪೆನ್ ಡ್ರೈವನ್ನು ಸಿದ್ಧಪಡಿಸುವಾಗ ಕೆಟ್ಟ ಡಿಸ್ಕ್ ಆ ಕಂಪ್ಯೂಟರಿನ ಹತ್ತಿರವೂ ಇರದಿರಲಿ.) ಡೆಸ್ಕ್‌ಟಾಪ್‌ನ ಸೆಟ್ಟಿಂಗ್‌ಗಳಲ್ಲಿ ಡಿಸ್ಕ್‌ಗಳನ್ನು ತಾನಾಗಿಯೇ ಮೌಂಟ್ ಮಾಡುವ (ಬಳಕೆಗೆ ತೆರೆಯುವ) ಆಯ್ಕೆಯನ್ನು ನಿಲ್ಲಿಸಿ, ಆಮೇಲೆ ಡಿಸ್ಕ್ ಜೋಡಿಸಿ. ‘ಓದಲು ಮಾತ್ರ’ ಎಂದು ಮೌಂಟ್ ಮಾಡಿದರೂ ಕೆಲವು ಫೈಲ್ ಸಿಸ್ಟಮ್‌ಗಳು ತಮ್ಮ ಜರ್ನಲ್‌ನಲ್ಲಿ (ಬದಲಾವಣೆಗಳ ದಿನಚರಿಯಲ್ಲಿ) ಉಳಿದ ಕೆಲಸವನ್ನು ಪೂರೈಸಲು ಡಿಸ್ಕ್‌ಗೆ ಬರೆಯುತ್ತವೆ ಎಂಬುದು ನೆನಪಿರಲಿ. ಬ್ಲಾಕ್‌ಡೆವ್ ಎಂಬ ಆಜ್ಞೆಯಿಂದ ಇಡೀ ಡಿಸ್ಕನ್ನೇ ಓದಲು ಮಾತ್ರ ಎಂದು ಗುರುತಿಸಿಡುವುದು ಇನ್ನೂ ಉತ್ತಮ.

ಈಗ ಡಿಸ್ಕನ್ನು ಗುರುತಿಸಬೇಕು. ನನ್ನನ್ನು ಕೆಡವಿದ ಹೆಜ್ಜೆಯೇ ಇದು. ಇಲ್ಲಿ ಅವಸರ ಮಾಡಬೇಡಿ. ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಎಲ್ಲ ಡಿಸ್ಕ್‌ಗಳನ್ನೂ ಗಾತ್ರದ ಜೊತೆಗೆ ಪಟ್ಟಿಮಾಡುತ್ತದೆ. ಮಾದರಿ ಮತ್ತು ಸೀರಿಯಲ್ ಸಂಖ್ಯೆಯ ಕಾಲಂಗಳನ್ನೂ ಕೇಳಿ ತೋರಿಸಿಕೊಳ್ಳಬಹುದು. ಡಿಸ್ಕ್‌ನ ಹಿಂಭಾಗದ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯ ಜೊತೆ ಹೋಲಿಸಿ. ನಾನು ‘ಮೂಲ’, ‘ಗುರಿ’ ಎಂದು ಎರಡು ಚೀಟಿ ಬರೆದು ಎರಡು ಡಿಸ್ಕ್‌ಗಳಿಗೂ ಅಂಟಿಸಿದೆ. ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ಬಿಚ್ಚಿದೆ. ಪಟ್ಟಿಯಲ್ಲಿ ಕಂಡ ಹೆಸರುಗಳನ್ನು ಅದೇ ಚೀಟಿಗಳ ಮೇಲೆ ಬರೆದುಕೊಂಡೆ. ಡಿಸ್ಕ್ ಬಿಚ್ಚಿ ಮತ್ತೆ ಜೋಡಿಸಿದರೆ ಆ ಹೆಸರು ಬದಲಾಗಬಹುದು, ಪ್ರತಿ ಸಲವೂ ಮತ್ತೆ ನೋಡಬೇಕು.

ಇಮೇಜ್ ಮಾಡುವ ಮುಂಚೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯನ್ನು ಒಮ್ಮೆ ನೋಡಿ. 5, 197, 198 ಎಂಬ ಮೂರು ಸಾಲುಗಳು ಮುಖ್ಯ: ಬದಲಿ ಜಾಗಕ್ಕೆ ಕಳುಹಿಸಿದ ಸೆಕ್ಟರ್‌ಗಳು, ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳು, ಸರಿಪಡಿಸಲಾಗದ ಸೆಕ್ಟರ್‌ಗಳು. ಮೂರರ ಕೊನೆಯ ಕಾಲಂನಲ್ಲಿಯೂ ಸೊನ್ನೆ ಇದ್ದರೆ ಡಿಸ್ಕ್‌ನ ದೇಹ ಬಹುಶಃ ಗಟ್ಟಿಯಾಗಿದೆ. 197ರಲ್ಲಿ ಸಂಖ್ಯೆ ಇದ್ದು, ನೋಡುತ್ತಿದ್ದಂತೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿದು ಬೇರೇನೂ ಮಾಡದೆ ಇಮೇಜ್‌ಗೆ ತೊಡಗಿ.

ಡಿಡಿರೆಸ್ಕ್ಯೂಗೆ ಮೂರು ವಿಷಯಗಳನ್ನು ಇದೇ ಕ್ರಮದಲ್ಲಿ ಕೊಡಬೇಕು. ಮೊದಲು ಮೂಲ ಡಿಸ್ಕ್, ನಂತರ ಇಮೇಜ್ ಫೈಲ್‌ನ ಹೆಸರು, ಕೊನೆಗೆ ಮ್ಯಾಪ್ ಫೈಲ್‌ನ ಹೆಸರು. ಮೂಲವಾಗಿ ಇಡೀ ಡಿಸ್ಕ್‌ನ ಹೆಸರು ಕೊಡಿ. ಕೊನೆಯಲ್ಲಿ ಅಂಕಿ ಇರುವ ಹೆಸರು ಒಂದು ಪಾರ್ಟಿಷನ್‌ನದು, ಅದು ಬೇಡ. ಮ್ಯಾಪ್ ಫೈಲನ್ನು ಎಂದಿಗೂ ಬಿಡಬೇಡಿ. ಎಷ್ಟು ಓದಿಯಾಗಿದೆ, ಎಲ್ಲಿ ತಡವರಿಸಿತು ಎಂಬುದನ್ನು ಅದು ದಾಖಲಿಸುತ್ತದೆ. ವಿದ್ಯುತ್ ಹೋದರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳಿರುವ ಅನುಮಾನವಿದ್ದರೆ ಮೊದಲ ಸುತ್ತಿನಲ್ಲಿ ‘ಎನ್’ ಆಯ್ಕೆ ಕೊಡಿ. ಆಗ ಅದು ಕಷ್ಟದ ಜಾಗಗಳನ್ನು ಕೆದಕುತ್ತ ಕೂರದೆ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ‘ಆರ್3’ ಎಂದು ಕೊಟ್ಟು ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸಲು ಹೇಳಿ.

ನನ್ನ ಡಿಸ್ಕ್ ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ವೇಗದಲ್ಲಿ ಓದಿಸಿಕೊಂಡಿತು. ಐದು ಗಂಟೆ ಹಿಡಿಯಿತು. ಗೊತ್ತಿಲ್ಲದೆ ಯುಎಸ್‌ಬಿ 2.0 ಪೋರ್ಟ್‌ಗೆ ಸಿಕ್ಕಿಸಿದರೆ ಇದೇ ಕೆಲಸಕ್ಕೆ ಹದಿನಾರು ಗಂಟೆಯೂ ಆಗಬಹುದು. ಮುಗಿದ ಕೂಡಲೆ ಮೂಲ ಡಿಸ್ಕ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟೆ.

ಟೆಸ್ಟ್‌ಡಿಸ್ಕ್ ಜೊತೆ ಕುಳಿತ ಎರಡು ದಿನ

ಕಳೆದುಹೋದ ಪಾರ್ಟಿಷನ್‌ಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್ ಕೂಡ ಉಚಿತ ತಂತ್ರಾಂಶ. ಕ್ರಿಸ್ಟೋಫ್ ಗ್ರೆನಿಯೆ ಎಂಬುವರು ರೂಪಿಸಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡುತ್ತದೆ. ಕಪ್ಪು ಪರದೆ, ಬಾಣದ ಕೀಲಿಗಳು, ಎಂಟರ್, ಮೌಸ್ ಇಲ್ಲ. ನೋಡಲು ಒರಟು, ಆದರೆ ಪ್ರತಿ ಹೆಜ್ಜೆಯಲ್ಲಿಯೂ ತಾನು ಏನು ಮಾಡುತ್ತಿದ್ದೇನೆ ಎಂದು ಹೇಳುತ್ತದೆ. ಹೆಸರಿನ ಮುಂದೆ ಇಮೇಜ್ ಫೈಲ್‌ನ ಹೆಸರು ಕೊಟ್ಟು ಶುರುಮಾಡಿದರೆ ಡಿಸ್ಕ್‌ನ ಬದಲು ಇಮೇಜನ್ನೇ ತೆರೆಯುತ್ತದೆ.

ಮೊದಲ ಪ್ರಶ್ನೆ ಲಾಗ್ ಬೇಕೇ ಎಂಬುದು. ‘ಕ್ರಿಯೇಟ್’ ಆರಿಸಿ, ಮುಂದೆ ಯಾರ ಸಹಾಯ ಕೇಳಿದರೂ ಮೊದಲು ಕೇಳುವುದು ಆ ಲಾಗ್ ಫೈಲನ್ನೇ. ನಂತರ ಪಾರ್ಟಿಷನ್ ಪಟ್ಟಿಯ ಬಗೆ. ಎಂಬಿಆರ್ ಡಿಸ್ಕ್‌ಗೆ ‘ಇಂಟೆಲ್’, ಹೊಸ ಪದ್ಧತಿಯ ಪಟ್ಟಿಯಾದ ಜಿಪಿಟಿ ಇರುವ ಡಿಸ್ಕ್‌ಗೆ ‘ಇಎಫ್‌ಐ ಜಿಪಿಟಿ’. ಟೆಸ್ಟ್‌ಡಿಸ್ಕ್ ತಾನೇ ಒಂದನ್ನು ಸೂಚಿಸುತ್ತದೆ, ಸಾಮಾನ್ಯವಾಗಿ ಅದು ಸರಿ. ನನ್ನ ವಿಷಯದಲ್ಲಿ ತಪ್ಪಾಗಿತ್ತು. ನಾನು ಬರೆದ ಐಎಸ್‌ಒ ಒಳಗೇ ಒಂದು ಜಿಪಿಟಿ ಇತ್ತು, ಅದನ್ನು ನೋಡಿ ‘ಇಎಫ್‌ಐ ಜಿಪಿಟಿ’ ಎಂದು ಸೂಚಿಸಿತು. ಅಪಘಾತದ ಮುಂಚೆ ಡಿಸ್ಕ್ ಹೇಗಿತ್ತು ಎಂಬುದನ್ನು ಹೇಳಬೇಕೇ ಹೊರತು ಈಗ ಹೇಗೆ ಕಾಣುತ್ತಿದೆ ಎಂಬುದನ್ನಲ್ಲ. ಎಂಬಿಆರ್ ಪಟ್ಟಿ 512 ಬೈಟ್ ಸೆಕ್ಟರ್‌ಗಳ ಲೆಕ್ಕದಲ್ಲಿ ಸುಮಾರು 2.2 ಟಿಬಿಯವರೆಗೆ ಮಾತ್ರ ಎಣಿಸಬಲ್ಲದು. ಅದಕ್ಕಿಂತ ದೊಡ್ಡ ಡಿಸ್ಕ್ ಆಗಿದ್ದರೆ ಬಹುಪಾಲು ಜಿಪಿಟಿಯೇ.

ಮುಂದೆ ‘ಅನಲೈಸ್’, ಆಮೇಲೆ ‘ಕ್ವಿಕ್ ಸರ್ಚ್’. ಪಾರ್ಟಿಷನ್ ಬರಿದೇ ಡಿಲೀಟ್ ಆಗಿದ್ದರೆ ಹೆಚ್ಚಾಗಿ ಇಲ್ಲಿಯೇ, ಕೆಲವು ನಿಮಿಷಗಳಲ್ಲಿ, ಹಳೆಯ ಪಾರ್ಟಿಷನ್ ಕಾಣಿಸುತ್ತದೆ. ಕಂಡ ಸಾಲಿನ ಮೇಲೆ ನಿಂತು ‘ಪಿ’ ಒತ್ತಿ. ನಿಮ್ಮ ಫೋಲ್ಡರ್‌ಗಳು ಹೆಸರು ಸಮೇತ ಕಂಡರೆ ಅದು ಸರಿಯಾದ ಪಾರ್ಟಿಷನ್. ಕಾಣದಿದ್ದರೆ, ಅಥವಾ ಅಡ್ಡಾದಿಡ್ಡಿ ಅಕ್ಷರಗಳು ಕಂಡರೆ, ಆ ಸಾಲನ್ನು ನಂಬಬೇಡಿ. ಡಿಸ್ಕನ್ನು ಹಿಂದೆ ಎರಡು ಮೂರು ಬಾರಿ ಬೇರೆ ಬೇರೆಯಾಗಿ ವಿಭಾಗಿಸಿದ್ದರೆ ಆ ಹಳೆಯ ಕಾಲದ ಗುರುತುಗಳೂ ಎದ್ದುಬರುತ್ತವೆ. ಒಂದರ ಮೇಲೊಂದು ಬೀಳುವ ಪಾರ್ಟಿಷನ್‌ಗಳಲ್ಲಿ ಯಾವುದು ನಿಜವಾದದ್ದು ಎಂದು ತೀರ್ಮಾನಿಸಲು ‘ಪಿ’ ಕೀಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ನನಗೆ ಕ್ವಿಕ್ ಸರ್ಚ್‌ನಲ್ಲಿ ಹಳೆಯ ಪಾರ್ಟಿಷನ್ ಸಿಗಲಿಲ್ಲ. ಮೊದಲ ಬೂಟ್ ಸೆಕ್ಟರೇ ಹೋಗಿತ್ತಲ್ಲ. ‘ಡೀಪರ್ ಸರ್ಚ್’ ಒತ್ತಿ ಕಾದೆ. ಇದು ಡಿಸ್ಕ್‌ನ ಉದ್ದಕ್ಕೂ ನಡೆಯುತ್ತ, ಬೂಟ್ ಸೆಕ್ಟರ್‌ಗಳ ಬ್ಯಾಕಪ್ ಪ್ರತಿಗಳನ್ನೂ ಹುಡುಕುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಆ ಬ್ಯಾಕಪ್ ಪಾರ್ಟಿಷನ್‌ನ ಕೊನೆಯಲ್ಲಿರುವುದರಿಂದ ನನ್ನ ಉತ್ತರ ಡಿಸ್ಕ್‌ನ ಕಟ್ಟಕಡೆಗಿತ್ತು. ಆರು ಗಂಟೆಗಳ ನಂತರ, ಶೇಕಡಾ 99 ದಾಟಿದ ಮೇಲೆ, ಒಂದು ಸಾಲು ಮೂಡಿತು: ಎನ್‌ಟಿಎಫ್‌ಎಸ್, 2048ನೆಯ ಸೆಕ್ಟರ್‌ನಿಂದ ಆರಂಭ, ಪಕ್ಕದಲ್ಲಿ ನಾನೇ ಡಿಸ್ಕ್‌ಗೆ ಕೊಟ್ಟಿದ್ದ ಹೆಸರು. ಪರದೆಯ ಮೇಲೆ ಆ ಹೆಸರು ಕಂಡಾಗ ಮನೆಯವರನ್ನೆಲ್ಲ ಕೂಗಿ ಕರೆದೆ.

‘ಪಿ’ ಒತ್ತಿದರೆ ಫೈಲ್ ಸಿಸ್ಟಮ್ ಹಾಳಾಗಿದೆ ಎಂಬ ಸಂದೇಶ. ಇಲ್ಲಿ ಹಲವರು ಕೈಬಿಡುತ್ತಾರೆ, ಬಿಡಬೇಡಿ. ಪಾರ್ಟಿಷನ್‌ನ ಗಡಿ ಸಿಕ್ಕಿದೆ, ಬಾಗಿಲು ಮಾತ್ರ ಮುರಿದಿದೆ ಎಂದು ಅದರ ಅರ್ಥ. ಬಾಣದ ಕೀಲಿಯಿಂದ ಆ ಸಾಲನ್ನು ‘ಡಿ’ಯಿಂದ ‘ಪಿ’ಗೆ, ಅಂದರೆ ಡಿಲೀಟ್ ಆದದ್ದರಿಂದ ಪ್ರೈಮರಿಗೆ, ಬದಲಿಸಿ ‘ರೈಟ್’ ಕೊಟ್ಟೆ. ಇಮೇಜ್‌ನ ಮೇಲೆ ಬರೆಯುತ್ತಿದ್ದುದರಿಂದ ಭಯವಿರಲಿಲ್ಲ. ಬಳಿಕ ಮುಖ್ಯ ಮೆನುವಿನ ‘ಅಡ್ವಾನ್ಸ್‌ಡ್’ಗೆ ಹೋಗಿ, ಪಾರ್ಟಿಷನ್ ಆರಿಸಿ ‘ಬೂಟ್’ ಒತ್ತಿದೆ. ಮೂಲ ಬೂಟ್ ಸೆಕ್ಟರ್ ಕೆಟ್ಟಿದೆ, ಬ್ಯಾಕಪ್ ಸರಿಯಿದೆ ಎಂದು ತೋರಿಸಿತು. ‘ಬ್ಯಾಕಪ್ ಬಿಎಸ್’ ಆರಿಸಿದರೆ ಕೊನೆಯಲ್ಲಿರುವ ಪ್ರತಿ ಮೊದಲಿನ ಜಾಗಕ್ಕೆ ಬರುತ್ತದೆ. ದಿಕ್ಕು ಮುಖ್ಯ. ‘ಆರ್ಗ್ ಬಿಎಸ್’ ಎಂಬ ಇನ್ನೊಂದು ಆಯ್ಕೆ ಇದಕ್ಕೆ ವಿರುದ್ಧವಾಗಿ ಮೂಲವನ್ನು ಬ್ಯಾಕಪ್‌ನ ಮೇಲೆ ನಕಲಿಸುತ್ತದೆ. ಕೊನೆಗೆ ‘ರಿಪೇರ್ ಎಂಎಫ್‌ಟಿ’. ಅದು ಮೂಲ ಎಂಎಫ್‌ಟಿಯ ಆರಂಭವನ್ನೂ ಅದರ ಕಿರುಪ್ರತಿಯನ್ನೂ ಹೋಲಿಸಿ, ಸರಿಯಿರುವುದರಿಂದ ಕೆಟ್ಟದ್ದನ್ನು ತಿದ್ದಲು ಅನುಮತಿ ಕೇಳುತ್ತದೆ. ನನ್ನಲ್ಲಿ ಕಿರುಪ್ರತಿ ಕೆಟ್ಟಿತ್ತು, ಮೂಲ ಚೆನ್ನಾಗಿತ್ತು.

ಈ ಸಲ ಫೋಲ್ಡರ್‌ಗಳು ಬಂದವು. ‘ಎ’ ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡಕ್ಷರದ ‘ಸಿ’ ಒತ್ತಿ, ಗುರಿ ಡಿಸ್ಕ್‌ನಲ್ಲಿ ಮೊದಲೇ ಮಾಡಿಟ್ಟಿದ್ದ ಖಾಲಿ ಫೋಲ್ಡರಿಗೆ ನಕಲಿಸಲು ಬಿಟ್ಟೆ. ಒಂದೇ ಡಿಸ್ಕ್‌ನಿಂದ ಓದಿ ಅದಕ್ಕೇ ಬರೆಯಬೇಕಾದ್ದರಿಂದ 1.3 ಟಿಬಿಗೆ ಒಂದು ಹಗಲು, ಒಂದು ರಾತ್ರಿ ಹಿಡಿಯಿತು.

ಪಾರ್ಟಿಷನ್ ಡಿಲೀಟ್ ಆದ ಸರಳ ಪ್ರಸಂಗಗಳಲ್ಲಿ ‘ರೈಟ್’ ಕೊಟ್ಟ ಕೂಡಲೆ ಡಿಸ್ಕ್ ಮುಂಚಿನಂತೆ ತೆರೆದುಕೊಳ್ಳುತ್ತದೆ, ನಿಜ. ಆದರೂ ಮೂಲ ಡಿಸ್ಕ್‌ಗೆ ನೇರವಾಗಿ ಬರೆಯುವ ಮೊದಲು ಫೈಲ್‌ಗಳನ್ನು ಇಮೇಜ್‌ನಿಂದ ಹೊರತೆಗೆದಿಟ್ಟುಕೊಳ್ಳಿ ಎಂದೇ ನನ್ನ ಹಟ.

ಜಿಪಿಟಿ ಡಿಸ್ಕ್ ಆಗಿದ್ದರೆ

ಜಿಪಿಟಿಯನ್ನು ರೂಪಿಸಿದವರು ಪಟ್ಟಿಯ ಪೂರ್ತಿ ಪ್ರತಿಯನ್ನು ಡಿಸ್ಕ್‌ನ ಕೊನೆಯ 33 ಸೆಕ್ಟರ್‌ಗಳಲ್ಲಿ ಇಟ್ಟಿದ್ದಾರೆ. ಡಿಸ್ಕ್‌ನ ಆರಂಭ ಮಾತ್ರ ಹಾಳಾಗಿದ್ದರೆ ಜಿಡಿಸ್ಕ್ ಎಂಬ ತಂತ್ರಾಂಶ ಸಾಕು. ಅದರಲ್ಲಿ ‘ಆರ್’ ಒತ್ತಿದರೆ ರಿಕವರಿ ಮೆನು; ‘ಬಿ’ ಒತ್ತಿದರೆ ಬ್ಯಾಕಪ್ ಹೆಡರ್‌ನಿಂದ (ಪಟ್ಟಿಯ ತಲೆಭಾಗದಿಂದ) ಮುಖ್ಯ ಹೆಡರ್, ‘ಸಿ’ ಒತ್ತಿದರೆ ಬ್ಯಾಕಪ್ ಪಟ್ಟಿಯಿಂದ ಮುಖ್ಯ ಪಟ್ಟಿ ಮರಳಿ ಸಿದ್ಧವಾಗುತ್ತದೆ. ‘ಪಿ’ ಒತ್ತಿ ಪಾರ್ಟಿಷನ್‌ಗಳನ್ನು, ‘ವಿ’ ಒತ್ತಿ ದೋಷಗಳನ್ನು ನೋಡಿ. ‘ಡಬ್ಲ್ಯೂ’ ಒತ್ತುವವರೆಗೆ ಏನೂ ಬರೆಯಲ್ಪಡುವುದಿಲ್ಲ. ‘ಕ್ಯೂ’ ಒತ್ತಿ ಯಾವಾಗ ಬೇಕಾದರೂ ಹೊರಬರಬಹುದು. ‘ಇನಿಶಿಯಲೈಸ್’ ಅಥವಾ ‘ಕ್ಲೀನ್’ ನಡೆದಿದ್ದರೆ ಕೊನೆಯ ಪ್ರತಿಯೂ ಹೋಗಿರಬಹುದು, ಆಗ ಟೆಸ್ಟ್‌ಡಿಸ್ಕ್‌ನ ಹುಡುಕಾಟವೇ ಗತಿ.

ಪಾಸ್‌ವರ್ಡ್ ಇಟ್ಟು ಗೂಢಲಿಪಿಗೊಳಿಸಿದ ಡಿಸ್ಕ್‌ಗಳ ವಿಷಯ ಬೇರೆ. ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಇಡೀ ಡಿಸ್ಕನ್ನು ಮುಚ್ಚಿದ್ದರೆ ವಿಂಡೋಸ್‌ಗೆ ಅದು ಯಾವಾಗಲೂ ಖಾಲಿ ಡಿಸ್ಕ್‌ನಂತೆಯೇ ಕಾಣುತ್ತದೆ. ಇನಿಶಿಯಲೈಸ್ ಒತ್ತಿ ಕಳೆದುಕೊಂಡವರು ಬಹಳ. ಹೆಡರ್‌ನ ಬ್ಯಾಕಪ್ ಪ್ರತಿ ವಾಲ್ಯೂಮ್‌ನ ಕೊನೆಯಲ್ಲಿ ಇರುತ್ತದೆ, ಮೌಂಟ್ ಮಾಡುವಾಗ ಅದನ್ನು ಬಳಸುವ ಆಯ್ಕೆ ವೆರಾಕ್ರಿಪ್ಟ್‌ನಲ್ಲಿಯೇ ಇದೆ. ವಿಂಡೋಸ್‌ನದೇ ಬಿಟ್‌ಲಾಕರ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನು ಮೊದಲು ಹುಡುಕಿಟ್ಟುಕೊಳ್ಳಿ. ಕೀಲಿಯೂ ಪಾಸ್‌ವರ್ಡೂ ಇಲ್ಲದೆ ಪಾರ್ಟಿಷನ್ ಸಿಕ್ಕರೂ ಪ್ರಯೋಜನವಿಲ್ಲ.

ತಟ್ಟೆಗಳ ಬದಲು ಚಿಪ್‌ಗಳಿರುವ ಎಸ್‌ಎಸ್‌ಡಿ ಇನ್ನೂ ಕಠಿಣ. ಫಾರ್ಮ್ಯಾಟ್ ಮಾಡಿದಾಗ ‘ಟ್ರಿಮ್’ ಎಂಬ ಆಜ್ಞೆ ಹೋದರೆ ಖಾಲಿಯೆಂದು ಗುರುತಾದ ಜಾಗವನ್ನು ಡ್ರೈವ್ ತಾನೇ ಒರೆಸಿಬಿಡುತ್ತದೆ. ಹೆಂಚುಗಳ ಹಾಗೆ ಒಂದರ ಮೇಲೊಂದು ಪಟ್ಟಿಗಳನ್ನು ಹೊದಿಸಿ ಬರೆಯುವ ಎಸ್‌ಎಂಆರ್ ಹಾರ್ಡ್ ಡಿಸ್ಕ್‌ಗಳಲ್ಲಿ ಕೆಲವು ಕೂಡ ಟ್ರಿಮ್ ಒಪ್ಪುತ್ತವೆ. ಇಂಥವುಗಳ ಇಮೇಜ್‌ನಲ್ಲಿ ಸೊನ್ನೆಗಳೇ ತುಂಬಿದ್ದರೆ ಮನೆಯಲ್ಲಿ ಮಾಡಬಹುದಾದದ್ದು ಬೇರೇನೂ ಉಳಿದಿಲ್ಲ.

ಹೆಸರಿಲ್ಲದೆ ಬರುವ ಫೈಲ್‌ಗಳು

ಎಂಎಫ್‌ಟಿಯೇ ಹೋಗಿದ್ದರೆ ಟೆಸ್ಟ್‌ಡಿಸ್ಕ್‌ನ ಜೊತೆಗೇ ಬರುವ ಫೋಟೊರೆಕ್ ಬಳಸಿ. ಹೆಸರು ಹಾಗಿದ್ದರೂ ಅದು ಫೋಟೊಗಳನ್ನಷ್ಟೇ ಹುಡುಕುವುದಿಲ್ಲ. ಫೈಲ್ ಸಿಸ್ಟಮನ್ನು ಅದು ನೋಡುವುದೇ ಇಲ್ಲ. ಪ್ರತಿ ಬಗೆಯ ಫೈಲ್ ಶುರುವಾಗುವ ಬೈಟ್‌ಗಳ ಗುರುತು ಹಿಡಿದು ಎತ್ತುತ್ತದೆ. ಜೆಪೆಗ್ ಯಾವಾಗಲೂ ಎಫ್‌ಎಫ್ ಡಿ8 ಎಂದು, ವೇವ್ ಫೈಲ್ ‘ರಿಫ್’ ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುತ್ತದೆ. ‘ಫೈಲ್ ಆಪ್ಟ್’ ಮೆನುವಿನಲ್ಲಿ ನಿಮಗೆ ಬೇಕಾದ ಬಗೆಗಳನ್ನು ಮಾತ್ರ ಉಳಿಸಿಕೊಳ್ಳಿ, ಇಲ್ಲವಾದರೆ ಲಕ್ಷಾಂತರ ಚೂರುಗಳ ರಾಶಿ ಬೀಳುತ್ತದೆ. ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಫೋಟೊಗಳ ಒಳಗೇ ಕ್ಯಾಮೆರಾ ಬರೆದ ದಿನಾಂಕವಿರುವುದರಿಂದ ಅವುಗಳನ್ನು ಮತ್ತೆ ವರ್ಷವಾರು ಜೋಡಿಸಬಹುದು. ದೊಡ್ಡ ವಿಡಿಯೊಗಳು ಡಿಸ್ಕ್‌ನಲ್ಲಿ ಚದುರಿ ಕುಳಿತಿದ್ದರೆ ಅರ್ಧಕ್ಕೆ ತುಂಡಾಗಿ ಬರುತ್ತವೆ.

ಬಂದದ್ದನ್ನು ಪರೀಕ್ಷಿಸುವುದು

ನಕಲು ಮುಗಿದಾಗ ನನ್ನ ಪಟ್ಟಿಯಲ್ಲಿ 140 ಧ್ವನಿ ಫೈಲ್‌ಗಳೂ ಇದ್ದವು, ಗಾತ್ರಗಳೂ ಸರಿಯಿದ್ದವು. ಅಷ್ಟಕ್ಕೇ ನಿಲ್ಲಬೇಡಿ. ಎಂಎಫ್‌ಟಿ ಹೇಳುವುದು ಫೈಲ್ ಎಲ್ಲಿ ಇತ್ತು ಎಂಬುದನ್ನು. ಆ ಜಾಗದಲ್ಲಿ ಈಗ ಏನಿದೆ ಎಂಬುದು ಅದಕ್ಕೆ ತಿಳಿಯದು. ಮೊದಲ 2.4 ಜಿಬಿಯೊಳಗೆ ವಾಸವಾಗಿದ್ದ ಫೈಲ್‌ಗಳು ಹೆಸರು ಮತ್ತು ಗಾತ್ರದೊಂದಿಗೆ ಬಂದವು, ಒಳಗೆ ಮಾತ್ರ ಲಿನಕ್ಸ್ ಅನುಸ್ಥಾಪನೆಯ ತುಣುಕುಗಳಿದ್ದವು. ಫೋಟೊಗಳನ್ನು ಥಂಬ್‌ನೇಲ್ ನೋಡಿ ನಂಬುವುದೂ ತಪ್ಪು. ಜೆಪೆಗ್‌ನ ಆರಂಭದಲ್ಲಿಯೇ ಒಂದು ಕಿರುಚಿತ್ರ ಅಡಗಿರುವುದರಿಂದ ಕೆಳಗಿನ ಅರ್ಧ ಹೋಗಿದ್ದರೂ ಥಂಬ್‌ನೇಲ್ ಚೆನ್ನಾಗಿಯೇ ಕಾಣುತ್ತದೆ. ಚಿತ್ರವನ್ನು ಪೂರ್ತಿಯಾಗಿ ತೆರೆಯಬೇಕು. ಧ್ವನಿ ಫೈಲ್‌ಗಳನ್ನು ಆರಂಭ, ನಡು, ಕೊನೆ ಎಂದು ಮೂರು ಕಡೆ ಕೇಳಬೇಕು. ನಾನು 140 ಫೈಲ್‌ಗಳನ್ನೂ ಹಾಗೆ ಕೇಳಿದೆ; ಎರಡು ಸಂಜೆ ಅದರಲ್ಲಿಯೇ ಕಳೆದವು, ಎಷ್ಟೋ ವರ್ಷಗಳ ನಂತರ ಅಪ್ಪನ ದನಿ ಮನೆಯಲ್ಲಿ ಅಷ್ಟು ಹೊತ್ತು ಕೇಳಿಸಿತು.

ಈಗ ನನ್ನ ಪೆನ್ ಡ್ರೈವ್ ಕೆಲಸಗಳಲ್ಲಿ ಎರಡು ಬದಲಾವಣೆಗಳಾಗಿವೆ. ಎಕ್ಸ್‌ಟರ್ನಲ್ ಡಿಸ್ಕ್ ಬಿಚ್ಚದೆ ಯಾವ ಇಮೇಜನ್ನೂ ಬರೆಯುವುದಿಲ್ಲ. ಆಜ್ಞೆಯಲ್ಲಿ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳ ಬದಲು ಮಾದರಿ ಮತ್ತು ಸೀರಿಯಲ್ ಸಂಖ್ಯೆ ಸೇರಿದ ಉದ್ದನೆಯ ಹೆಸರನ್ನೇ ಬಳಸುತ್ತೇನೆ. ಲಿನಕ್ಸ್ ಅದನ್ನು ಡೆವ್ ಫೋಲ್ಡರಿನ ಕೆಳಗೆ ಡಿಸ್ಕ್, ಅದರೊಳಗೆ ಬೈ-ಐಡಿ ಎಂಬಲ್ಲಿ ಇಟ್ಟಿರುತ್ತದೆ. ಪ್ರತಿ ಡಿಸ್ಕ್‌ನ ಪಾರ್ಟಿಷನ್ ಪಟ್ಟಿಯನ್ನು ಎಸ್‌ಎಫ್‌ಡಿಸ್ಕ್ ಎಂಬ ಆಜ್ಞೆಯಿಂದ ಒಂದು ಪಠ್ಯ ಫೈಲ್ ಆಗಿ ತೆಗೆದು ಬೇರೆಡೆ ಉಳಿಸಿದ್ದೇನೆ. ಆರಂಭದ ಸೆಕ್ಟರ್, ಉದ್ದ, ಬಗೆ ಎಂಬ ಮೂರು ಸಂಖ್ಯೆಗಳನ್ನು ಡಿಸ್ಕ್‌ನ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿಯೂ ಬರೆದಿದ್ದೇನೆ. ಫೋಟೊ ಮತ್ತು ಧ್ವನಿ ಫೈಲ್‌ಗಳ ಎರಡನೆಯ ಪ್ರತಿ ತಂಗಿಯ ಮನೆಯಲ್ಲಿದೆ. ಮೂಲ ಡಿಸ್ಕನ್ನು ಮೂರು ತಿಂಗಳು ಮುಟ್ಟದೆ ಇಟ್ಟಿದ್ದು, ಏನೂ ಬಿಟ್ಟುಹೋಗಿಲ್ಲ ಎಂದು ಖಾತ್ರಿಯಾದ ಮೇಲೆ ಹೊಸದಾಗಿ ಫಾರ್ಮ್ಯಾಟ್ ಮಾಡಿದೆ.

ಕೊನೆಯ ಲೆಕ್ಕದಲ್ಲಿ ಸುಮಾರು 200 ಫೋಟೊಗಳು ಮತ್ತು ಅಪ್ಪನ ಮೂರು ಧ್ವನಿಮುದ್ರಣಗಳು ಹೋಗಿದ್ದವು. ಕ್ಯಾಸೆಟ್‌ಗಳನ್ನು ಎಸೆದಿರಲಿಲ್ಲವಾದ್ದರಿಂದ ಎರಡನ್ನು ಮತ್ತೆ ಇಳಿಸಿಕೊಂಡೆ. ಮೂರನೆಯ ಕ್ಯಾಸೆಟ್‌ನ ಟೇಪ್ ಎರಡು ಕಡೆ ತುಂಡಾಗಿದೆ. ಕಿರಿದಾದ ಅಂಟುಪಟ್ಟಿಯಿಂದ ಒಂದು ತುಂಡನ್ನು ಕಳೆದ ವಾರ ಜೋಡಿಸಿದ್ದೇನೆ, ಇನ್ನೊಂದು ಬಾಕಿಯಿದೆ.